ಬೀಜದ ಪಟ್ಟಿಯ ಫಾರ್ಮ್: ಅಂಕಿ ಬಲಕ್ಕೆ ಬರಲಿ, ಒತ್ತಕ್ಷರ ಪೂರ್ತಿ ಕಾಣಲಿ

ನಮಸ್ಕಾರ ಅಕ್ಕ,

ನಮ್ಮ ತಾರಸಿ ತೋಟದ ಗುಂಪಿನ ಬೀಜ ವಿನಿಮಯಕ್ಕೆಂದು ನೀವು ದತ್ತಾಂಶ ಇಡುವ ತಂತ್ರಾಂಶವಾದ ಲಿಬ್ರೆಆಫೀಸ್ ಬೇಸ್‌ನಲ್ಲಿ ಫಾರ್ಮ್ ಸಿದ್ಧಪಡಿಸುತ್ತಿರುವುದನ್ನು ಓದಿ ಬಹಳ ಸಂತೋಷವಾಯಿತು. ತೂಕದ ಅಂಕಿಗಳು ಎಡಕ್ಕೇ ಅಂಟಿಕೊಂಡಿವೆ, ಟಿಪ್ಪಣಿ ಒಂದೇ ಸಾಲಿನಲ್ಲಿ ಓಡಿ ಮರೆಯಾಗುತ್ತದೆ, ‘ಮಟ್ಟು ಗುಳ್ಳ’ ಎಂದು ಬರೆದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ, ಮೇಲಿನ ಟೂಲ್‌ಬಾರ್‌ನ ಜೋಡಣೆ ಗುಂಡಿಗಳನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ ಎಂದು ಬರೆದಿದ್ದೀರಿ.

ಮೊದಲು ಆ ಗುಂಡಿಗಳ ವಿಷಯ. ಬೇಸ್‌ನ ಫಾರ್ಮ್ ಎಂದರೆ ಅಡಿಯಲ್ಲಿ ಇರುವುದು ಬರವಣಿಗೆಯ ತಂತ್ರಾಂಶವಾದ ರೈಟರ್‌ನ ಒಂದು ಪುಟ. ಮೇಲಿನ ಗುಂಡಿಗಳು ಜೋಡಿಸುವುದು ಆ ಪುಟದ ಪ್ಯಾರಾವನ್ನು. ತೂಕ, ಟಿಪ್ಪಣಿ ತುಂಬುವ ನಿಮ್ಮ ಪೆಟ್ಟಿಗೆಗಳು ಗೋಡೆಗೆ ತಗುಲಿಸಿದ ಪಟಗಳಂತೆ ಆ ಪುಟದ ಮೇಲೆ ಕುಳಿತಿವೆ. ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಪಟದೊಳಗಿನ ಚಿತ್ರ ಬದಲಾಗುವುದಿಲ್ಲ. ಪೆಟ್ಟಿಗೆಯೊಳಗಿನ ಬರಹ ಎಲ್ಲಿ ನಿಲ್ಲಬೇಕು ಎಂಬುದು ಆ ಪೆಟ್ಟಿಗೆಯ ಗುಣಗಳಲ್ಲೇ ಇದೆ.

ಬೇಸ್‌ನ ಮುಖ್ಯ ಕಿಟಕಿಯಲ್ಲಿ ಫಾರ್ಮ್‌ನ ಹೆಸರಿನ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ ‘ಎಡಿಟ್’ ಆರಿಸಿಕೊಳ್ಳಿ. ತೂಕದ ಪೆಟ್ಟಿಗೆಯ ಮೇಲೆ ಕಂಟ್ರೋಲ್ ಕೀ ಹಿಡಿದುಕೊಂಡೇ ಒಮ್ಮೆ ಕ್ಲಿಕ್ ಮಾಡಿ. ಈ ಕಂಟ್ರೋಲ್ ಕೀ ಮರೆತವರೇ ಹೆಚ್ಚು. ವಿಝಾರ್ಡ್ (ಹಂತಹಂತವಾಗಿ ಕೇಳಿ ಫಾರ್ಮ್ ಕಟ್ಟಿಕೊಡುವ ಸಾಧನ) ಮಾಡಿಕೊಟ್ಟ ಫಾರ್ಮ್‌ನಲ್ಲಿ ಪೆಟ್ಟಿಗೆಯ ಹೆಸರು ತೋರಿಸುವ ಲೇಬಲ್ಲೂ ಪೆಟ್ಟಿಗೆಯೂ ಒಂದೇ ಗುಂಪಾಗಿ ಕಟ್ಟಿರುತ್ತವೆ. ಬರೀ ಕ್ಲಿಕ್ ಮಾಡಿದರೆ ಎರಡೂ ಒಟ್ಟಿಗೆ ಸಿಗುತ್ತವೆ, ಬೇಕಾದ ಆಯ್ಕೆಗಳೆಲ್ಲ ಕಾಣುವುದಿಲ್ಲ. ಪೆಟ್ಟಿಗೆಯೊಂದೇ ಆಯ್ಕೆಯಾದ ಮೇಲೆ ಬಲ ಗುಂಡಿ ಒತ್ತಿ ‘ಕಂಟ್ರೋಲ್ ಪ್ರಾಪರ್ಟೀಸ್’ ತೆರೆಯಿರಿ. ‘ಜನರಲ್’ ಪುಟದಲ್ಲಿ ‘ಅಲೈನ್‌ಮೆಂಟ್’ ಎಂಬ ಸಾಲಿದೆ. ಅಲ್ಲಿ ‘ರೈಟ್’ ಎಂದು ಕೊಡಿ. ತೂಕ, ಪೊಟ್ಟಣಗಳ ಸಂಖ್ಯೆ, ಬೆಲೆ ಹೀಗೆ ಹಲವು ಪೆಟ್ಟಿಗೆಗಳಿದ್ದರೆ ಶಿಫ್ಟ್ ಹಿಡಿದು ಎಲ್ಲವನ್ನೂ ಆರಿಸಿಕೊಂಡು ಒಂದೇ ಸಲಕ್ಕೆ ಬದಲಿಸಬಹುದು.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಅಂಕಿಯ ಮುಂದೆ ಸ್ಪೇಸ್ ಒತ್ತಿ ಬಲಕ್ಕೆ ತಳ್ಳಿ ಎಂದು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಪೇಸ್ ಉಳಿಯಬೇಕಾದರೆ ಆ ಕಾಲಂ ಅಕ್ಷರದ ಕಾಲಂ ಆಗಿರಬೇಕಾಗುತ್ತದೆ, ಆ ಖಾಲಿ ಜಾಗವೂ ದತ್ತಾಂಶದೊಳಗೆ ಸೇರಿಬಿಡುತ್ತದೆ. ಮುಂದೆ ‘25’ ಎಂದು ಹುಡುಕಿದರೆ ಸ್ಪೇಸ್ ಸೇರಿದ 25 ಸಿಗುವುದಿಲ್ಲ. ಅಕ್ಷರವೆಂದು ತಿಳಿದು ವಿಂಗಡಿಸಿದಾಗ 100 ಮೊದಲು, 25 ಆಮೇಲೆ ಬರುತ್ತದೆ. ಮೊತ್ತ ಕೂಡುವುದಂತೂ ದೂರದ ಮಾತು. ಕಣ್ಣಿಗೆ ಕಾಣುವ ಜೋಡಣೆಯನ್ನು ಪೆಟ್ಟಿಗೆಗೆ ಬಿಡಿ, ದತ್ತಾಂಶ ಶುದ್ಧವಾಗಿರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬದುಕಿನ ಬಹುಭಾಗ ಲೆಕ್ಕದ ಪುಸ್ತಕ ಬರೆದವನು ನಾನು. ರೂಪಾಯಿ ಮತ್ತು ಪೈಸೆಯ ನಡುವೆ ಕೆಂಪು ಗೆರೆ ಎಳೆದಿರುತ್ತಿದ್ದುದು ಅಂದಕ್ಕಲ್ಲ. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರಲೆಂದು. ಎರಡು ವರ್ಷದ ಹಿಂದಿನ ನಮ್ಮ ವಿನಿಮಯದ ಪಟ್ಟಿಯಲ್ಲಿ 2.5, 25, 250 ಮೂರೂ ಎಡಕ್ಕೆ ಜೋಡಿಸಿದ್ದವು. ಮೂರೂ ಒಂದೇ ಜಾಗದಲ್ಲಿ ‘2’ರಿಂದ ಆರಂಭ. ದಂಟಿನ ಸೊಪ್ಪಿನ ಬೀಜವನ್ನು 2.5 ಗ್ರಾಂ ಕೊಡಬೇಕಾದಲ್ಲಿ 25 ಗ್ರಾಂ ತೂಗಿ ಕೊಟ್ಟೆವು. ಸಾಸಿವೆಗಿಂತಲೂ ಸಣ್ಣ ಬೀಜ ಅದು, 25 ಗ್ರಾಂ ಎಂದರೆ ಎಷ್ಟು ತೊಟ್ಟಿಗಳಿಗೆ ಸಾಕು ಎಂಬುದು ನಿಮಗೆ ಗೊತ್ತು. ಸರದಿಯ ಕೊನೆಯಲ್ಲಿದ್ದವರು ಬರಿಗೈಯಲ್ಲಿ ಮನೆಗೆ ಹೋದರು.

ಬಲಕ್ಕೆ ಜೋಡಿಸಿದರೂ ದಶಾಂಶ ಸ್ಥಾನಗಳು ಒಂದೇ ಸಮನಾಗಿರದಿದ್ದರೆ 2.5 ಮತ್ತು 25 ಮತ್ತೆ ಒಂದರ ಕೆಳಗೊಂದು ಸೇರಿ ಮೋಸ ಮಾಡುತ್ತವೆ. ಆದ್ದರಿಂದ ತೂಕಕ್ಕೆ ಸಾಮಾನ್ಯ ಪಠ್ಯ ಪೆಟ್ಟಿಗೆ ಬೇಡ. ಎಡಿಟ್ ಸ್ಥಿತಿಯಲ್ಲೇ ಅದರ ಮೇಲೆ ಬಲ ಗುಂಡಿ ಒತ್ತಿದರೆ ‘ರಿಪ್ಲೇಸ್ ವಿತ್’ ಎಂಬ ಆಯ್ಕೆ ಸಿಗುತ್ತದೆ. ಅಲ್ಲಿ ‘ನ್ಯೂಮೆರಿಕ್ ಫೀಲ್ಡ್’ ಆರಿಸಿ, ದಶಾಂಶದ ನಂತರ 2 ಅಂಕಿ ಎಂದು ನಿಗದಿ ಮಾಡಿ. ಆಗ 2.50, 25.00, 250.00 ಚುಕ್ಕಿಗೆ ಚುಕ್ಕಿ ಸೇರಿ ನಿಲ್ಲುತ್ತವೆ.

ಅಂಕಿಯಂತೆ ಕಂಡದ್ದನ್ನೆಲ್ಲ ಬಲಕ್ಕೆ ತಳ್ಳಬೇಕಾಗಿಲ್ಲ. ಸದಸ್ಯರ ಮೊಬೈಲ್ ಸಂಖ್ಯೆ ಹಾಗೂ ಬಸವನಗುಡಿಯ 560004ರಂಥ ಪಿನ್ ಕೋಡ್‌ಗಳನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅವು ಹೆಸರುಗಳಿದ್ದಂತೆ. ಟೇಬಲ್‌ನಲ್ಲಿ ಅಕ್ಷರವಾಗಿಯೇ ಇಟ್ಟು ಎಡಕ್ಕೆ ಜೋಡಿಸಿ.

ಫಾರ್ಮ್‌ನ ಕೆಳಗೆ ಸಾಲುಸಾಲಾಗಿ ಕಾಣುವ ಟೇಬಲ್ ಕಂಟ್ರೋಲ್ ಇಟ್ಟಿದ್ದರೆ ಅಲ್ಲಿ ಪ್ರತಿ ಕಾಲಂಗೂ ಪ್ರತ್ಯೇಕ ಜೋಡಣೆ ಇರುತ್ತದೆ. ಕಾಲಂನ ತಲೆಬರಹದ ಮೇಲೆ ಬಲ ಗುಂಡಿ ಒತ್ತಿ ‘ಕಾಲಂ’ ಆರಿಸಿಕೊಳ್ಳಿ. ಉಳಿದದ್ದು ಮೇಲಿನಂತೆಯೇ.

ಟಿಪ್ಪಣಿಯ ಪೆಟ್ಟಿಗೆಗೆ ‘ಟೆಕ್ಸ್ಟ್ ಟೈಪ್’ ಎಂಬಲ್ಲಿ ‘ಮಲ್ಟಿ-ಲೈನ್’ ಎಂದು ಕೊಡಿ. ಅದರ ಕೆಳಗೇ ‘ಮಲ್ಟಿ-ಲೈನ್ ವಿತ್ ಫಾರ್ಮ್ಯಾಟಿಂಗ್’ ಎಂಬ ಇನ್ನೊಂದು ಆಯ್ಕೆ ಇದೆ, ದಪ್ಪಕ್ಷರ ಬಣ್ಣವೆಲ್ಲ ಸಿಗುತ್ತದೆಂದು ಮನಸ್ಸು ಎಳೆಯುತ್ತದೆ. ಆದರೆ ಅಂಥ ಪೆಟ್ಟಿಗೆಯನ್ನು ಡೇಟಾಬೇಸ್‌ನ ಕಾಲಂಗೆ ಕೊಂಡಿ ಹಾಕಲು ಆಗುವುದಿಲ್ಲ. ಬಿತ್ತಿದ ದಿನ, ಮೊಳಕೆಯ ವಿವರ ಎಲ್ಲವನ್ನೂ ಶ್ರದ್ಧೆಯಿಂದ ಬರೆದ ಮೇಲೆ ಒಂದು ಸಾಲೂ ಉಳಿಯುವುದಿಲ್ಲ. ಬರಹ ಪೆಟ್ಟಿಗೆಯ ಮೇಲಿನಿಂದಲೇ ಆರಂಭವಾಗಲು ‘ವರ್ಟಿಕಲ್ ಅಲೈನ್‌ಮೆಂಟ್’ ಅನ್ನು ‘ಟಾಪ್’ ಮಾಡಿ.

ಇನ್ನು ಒತ್ತಕ್ಷರ. ಇಂಗ್ಲಿಷ್‌ಗೆ ಸಾಕಾಗುವ ಎತ್ತರ ಕನ್ನಡಕ್ಕೆ ಸಾಲದು. ‘ಚಕ್ಕೋತ ಸೊಪ್ಪು’ ಎಂದು ಬರೆದರೆ ‘ಕ್ಕೋ’, ‘ಪ್ಪು’ಗಳ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಪೆಟ್ಟಿಗೆ ಗಿಡ್ಡವಾಗಿದ್ದರೆ ಮೇಲೆ, ನಡುವೆ, ಕೆಳಗೆ ಎಂದು ಎಲ್ಲಿ ಜೋಡಿಸಿದರೂ ಯಾವುದೋ ಒಂದು ಭಾಗ ಕತ್ತರಿಸಲೇಬೇಕು. ಹಾಗಾಗಿ ಮೊದಲು ‘ಹೈಟ್’ ಹೆಚ್ಚಿಸಿ, ಆಮೇಲೆ ‘ಮಿಡಲ್’ ಕೊಡಿ. ನನ್ನ ಫಾರ್ಮ್‌ನಲ್ಲಿ 12 ಪಾಯಿಂಟ್ ಅಕ್ಷರಕ್ಕೆ 0.8 ಸೆಂಟಿಮೀಟರ್ ಎತ್ತರ ಇಟ್ಟಿದ್ದೇನೆ, ಮಟ್ಟು ಗುಳ್ಳ ಪೂರ್ತಿ ಕಾಣುತ್ತದೆ. ಟೇಬಲ್ ಕಂಟ್ರೋಲ್‌ನಲ್ಲಿ ಇದೇ ಕೆಲಸಕ್ಕೆ ‘ರೋ ಹೈಟ್’ ಇದೆ. ನಮ್ಮ ಬೀಜಗಳ ಹೆಸರನ್ನು ಅಂಗಹೀನವಾಗಿ ತೋರಿಸುವ ಫಾರ್ಮ್ ನಮಗೆ ಬೇಡ ಅಕ್ಕ, ಈ ಒಂದು ಕೆಲಸಕ್ಕೆ ಸ್ವಲ್ಪ ಸಮಯ ಕೊಡಿ.

ಮೈಕ್ರೋಸಾಫ್ಟ್ ಆಕ್ಸೆಸ್ ಬಳಸುವವರೂ ಗುಂಪಿನಲ್ಲಿದ್ದಾರೆ, ಅವರಿಗಾಗಿ ಎರಡು ಮಾತು. ಅಲ್ಲಿ ‘ಟೆಕ್ಸ್ಟ್ ಅಲೈನ್’ ‘ಜನರಲ್’ ಆಗಿದ್ದರೆ ಅಕ್ಷರ ಎಡಕ್ಕೆ, ಅಂಕಿ ಮತ್ತು ದಿನಾಂಕ ಬಲಕ್ಕೆ ತಾವಾಗಿಯೇ ಹೋಗುತ್ತವೆ. ಆದರೆ ಸೂತ್ರದಿಂದ ಲೆಕ್ಕ ಹಾಕುವ ಪೆಟ್ಟಿಗೆಯಲ್ಲಿ ‘ಫಾರ್ಮ್ಯಾಟ್’ ಫಂಕ್ಷನ್ ಬಳಸಿದರೆ ಉತ್ತರ ಅಕ್ಷರವಾಗಿ ಬದಲಾಗಿ ಎಡಕ್ಕೆ ಬರುತ್ತದೆ. ಅಂಥಲ್ಲಿ ನೀವೇ ‘ರೈಟ್’ ಎಂದು ಕೊಡಬೇಕು. ಮೇಲೆ ಕೆಳಗೆ ಜೋಡಿಸುವ ಆಯ್ಕೆ ಅದರಲ್ಲಿಲ್ಲ, ‘ಟಾಪ್ ಮಾರ್ಜಿನ್’ ಹೆಚ್ಚಿಸಿ ಸರಿಪಡಿಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ಫಾರ್ಮ್ ಉಳಿಸಿದರಷ್ಟೇ ಸಾಲದು. ಅದನ್ನು ಮುಚ್ಚಿ ಬೇಸ್‌ನ ಮುಖ್ಯ ಕಿಟಕಿಗೆ ಬಂದು ಅಲ್ಲಿಯೂ ಒಮ್ಮೆ ‘ಸೇವ್’ ಒತ್ತಿ. ಇಷ್ಟಾದರೂ ಸರಿಹೋಗದಿದ್ದರೆ ಸದಸ್ಯರ ಮೊಬೈಲ್ ಸಂಖ್ಯೆಗಳನ್ನು ಅಳಿಸಿದ ಒಂದು ಪ್ರತಿಯನ್ನು ನನಗೆ ಕಳುಹಿಸಿ. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ಗೆ ಬರುವಾಗ ಲ್ಯಾಪ್‌ಟಾಪ್ ತರುತ್ತೇನೆ, ಕೂತು ನೋಡೋಣ.