ಮೀನಿನ ಬಾಯಿ ಎಷ್ಟು ಹಿಗ್ಗಿತೆಂದು ಹೇಳುವ ಎಕ್ಸ್‌ರೇ ಅಳತೆಯನ್ನು ನಂಬಬಹುದೇ?

ಕಾರವಾರದ ಕಾಳಿ ನದಿಯ ಅಳಿವೆಯಲ್ಲಿರುವ ಚೊಣಕ್ ಎಂಬ ಮೀನು ಬಾಯಿ ಹಿಗ್ಗಿಸಿ ಸಿಗಡಿಯನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಆಗ ಬಾಯೊಳಗಿನ ಜಾಗ ಎಷ್ಟು ಹೆಚ್ಚಿತೆಂದು ಎಕ್ಸ್‌ರೇ ವಿಡಿಯೊದಿಂದ ಹಾಕುವ ಲೆಕ್ಕ ಸರಿಯೇ ಎಂಬುದು ನಿಮ್ಮ ಪ್ರಶ್ನೆ.

ಇಂಥ ಅಧ್ಯಯನಗಳಲ್ಲಿ ಎಲುಬಿನೊಳಗೆ ಟ್ಯಾಂಟಲಮ್ ಲೋಹದ ಪುಟ್ಟ ಮಣಿ ಕೂರಿಸಿ, ಎರಡು ದಿಕ್ಕಿನಿಂದ ಒಟ್ಟಿಗೇ ಚಿತ್ರೀಕರಿಸುತ್ತಾರೆ; ಮಣಿಗಳು ಸರಿದದ್ದನ್ನು ನೋಡಿ ಎಲುಬುಗಳ ನಡುವಿನ ಜಾಗವನ್ನು ಲೆಕ್ಕ ಹಾಕುತ್ತಾರೆ. ಒಂದೇ ಎಲುಬಿನ ಎರಡು ಮಣಿಗಳ ಅಂತರ ಬದಲಾಗಕೂಡದು; ಬದಲಾದಂತೆ ಕಂಡರೆ ಅದು ಅಳತೆಯದೇ ದೋಷ.

ಇಷ್ಟಕ್ಕೇ ಬಿಡುವಂತಿಲ್ಲ. ಎಲ್ಲ ಅಳತೆಯೂ ಒಂದೇ ಸಮನೆ ಹೆಚ್ಚಾಗಿ ಬಂದರೆ ಮಣಿಗಳ ಅಂತರ ಬದಲಾದಂತೆ ಕಾಣುವುದೇ ಇಲ್ಲ. ಮೂರೂ ದಿಕ್ಕಿನಲ್ಲಿ ಶೇ 2ರಷ್ಟು ಹೆಚ್ಚು ಬಂದರೆ ಘನ ಅಳತೆ ಶೇ 6ರಷ್ಟು ಹೆಚ್ಚುತ್ತದೆ. ಹಾಗಾಗಿ ಬೇರೆ ದಾರಿಯಿಂದ ಗೊತ್ತಾದ ಅಳತೆ ಬೇಕೇ ಬೇಕು. ಅದಕ್ಕೆ ಕಾರವಾರದ ಮೀನು ಪೇಟೆಯ ಸತ್ತ ಚೊಣಕ್ ಆದರೂ ನಡೆದೀತು. ಬಾಯಿಯನ್ನು ಅಲುಗದಂತೆ ನಿಲ್ಲಿಸಿ ಎಕ್ಸ್‌ರೇ ತೆಗೆಯಿರಿ. ಆಮೇಲೆ ಸಿಲಿಕೋನ್ ತುಂಬಿ, ಗಟ್ಟಿಯಾದ ಅಚ್ಚನ್ನು ಅಂಚಿನವರೆಗೆ ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ತೂಗಿ: 1 ಗ್ರಾಂ ಎಂದರೆ ಸುಮಾರು 1 ಮಿಲಿಲೀಟರ್. ಮುಚ್ಚಿದ, ಅರೆ ತೆರೆದ, ಪೂರ್ತಿ ತೆರೆದ ಬಾಯಿಗೂ ಹೀಗೇ ಮಾಡಬೇಕು. ಎಕ್ಸ್‌ರೇ ಲೆಕ್ಕ ಹಾಕುವವರಿಗೆ ಅಚ್ಚಿನ ಉತ್ತರ ಮೊದಲೇ ಗೊತ್ತಿರಬಾರದು (ಗೊತ್ತಿದ್ದರೆ ಕೈ ತಾನಾಗಿಯೇ ಅತ್ತ ವಾಲುತ್ತದೆ).

ಎರಡು ಅಳತೆಗಳ ಸಹಸಂಬಂಧ (ಒಂದು ಏರಿದಂತೆ ಇನ್ನೊಂದೂ ಏರುವುದು) ಚೆನ್ನಾಗಿದೆ ಎಂದು ಖುಷಿಪಡುವವರೇ ಹೆಚ್ಚು. ಪ್ರತಿ ಸಲವೂ ಶೇ 20 ಹೆಚ್ಚು ತೋರಿಸುವ ವಿಧಾನಕ್ಕೂ ಅದು ಚೆನ್ನಾಗಿಯೇ ಬರುತ್ತದೆ. 1986ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ ಸೂಚಿಸಿದಂತೆ, ಎರಡರ ವ್ಯತ್ಯಾಸವನ್ನು ಸರಾಸರಿಯ ಎದುರು ಗುರುತಿಸಿ ನೋಡಬೇಕು.

ಇನ್ನು, ಮಣಿಗಳು ಹೇಳುವುದು ಎಲುಬಿನ ಸುದ್ದಿ ಮಾತ್ರ. ಕಿವಿರು, ನಾಲಿಗೆ ಹಿಡಿದ ಜಾಗವೂ ಖಾಲಿಯೆಂದೇ ಲೆಕ್ಕಕ್ಕೆ ಸೇರುತ್ತದೆ. ನನ್ನ ಮಟ್ಟಿಗೆ, ಒಟ್ಟು ಘನ ಅಳತೆಗಿಂತ ಅದರ ಏರಿಳಿತವೇ ಹೆಚ್ಚು ನಂಬಲರ್ಹ.