ಜಮಖಂಡಿ ಕಡೆಯ ಹೊಲದಲ್ಲಿ ಏರ್ ರೈಫಲ್ ಮೇಜಿನ ಮೇಲೆ ಆನಿಸಿ ಹೊಡೆಯೋಕೆ ಸೀಟ್ ಕೂಡಿಸಿದ ಮಡಚುವ ಬೆಂಚು ಕೊಳ್ಳಲಾ, ಇಲ್ಲಾ ಭಾರದ ಕಬ್ಬಿಣದ ಬೆಂಚು ಮಾಡಿಸಲಾ?

ಜಮಖಂಡಿ ಕಡೆ ಹೊಲ ಅಂತ ಬರೆದಿದ್ದೀರಿ, ಎರಿ ಭೂಮಿಯೇ, ಅಂದರೆ ಕಪ್ಪು ಮಣ್ಣೇ ಇರಬೇಕು. ಹಾಗಿದ್ದರೆ ಎರಡೂ ಬೇಡ. ಸೀಟ್ ಕೂಡಿಸಿದ ಒಂಬತ್ತು ಸಾವಿರದ ಮಡಚುವ ಬೆಂಚೂ ಬೇಡ, ನಲವತ್ತು ಕಿಲೋ ತೂಗುವ ನಾಲ್ಕು ಕಾಲಿನದೂ ಬೇಡ. ಆ ಎರಡನೆಯದನ್ನು ನಾನು ಮಾಡಿಸಿ ಆಗಿದೆ. ಈಗ ಅದು ದನದ ಕೊಟ್ಟಿಗೆಯಲ್ಲಿದೆ, ಮೇಲೆ ಹಿಂಡಿ ಚೀಲ ಇಡುತ್ತೇವೆ.

ನಮ್ಮದು ಬೈಲಹೊಂಗಲ ಹತ್ತಿರ. 2024ರ ಆಗಸ್ಟ್‌ನಲ್ಲಿ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದನಲ್ಲ, ಕೊಲ್ಹಾಪುರ ಜಿಲ್ಲೆಯ ಹುಡುಗ ಅಂದರೆ ನಮಗೆ ಬೀಗರ ಊರಿನವನು ಇದ್ದಂಗೆ. ಅಣ್ಣನ ಮಗನಿಗೆ ಅಂದೇ ಹುಚ್ಚು ಹಿಡಿಯಿತು. ನನ್ನ ಹತ್ತಿರ ಹಳೇ ಸ್ಪ್ರಿಂಗ್ ಏರ್ ರೈಫಲ್ ಇತ್ತು, ನಳಿಗೆಯ ಒಳ ಅಗಲ 4.5 ಮಿಲಿಮೀಟರಿನದು. (ನಳಿಗೆ 4.5 ಮೀರದೆ, ಗುಂಡಿನ ಶಕ್ತಿ 20 ಜೂಲ್ ಮೀರದೆ ಇದ್ದರೆ ಲೈಸೆನ್ಸ್ ಬೇಕಿಲ್ಲ. ನಿಮ್ಮದೂ ಅದರೊಳಗೇ ಇದೆ ತಾನೆ? ಮೊದಲು ಅದನ್ನು ನೋಡಿಕೊಳ್ಳಿ.) ಹುಡುಗ ಹೊಡೆದ ಗುಂಡು ಅಲ್ಲೊಂದು ಇಲ್ಲೊಂದು ಹೋಗುತ್ತಿತ್ತು. ತಪ್ಪು ಅವನ ಕೈಯದೋ ರೈಫಲ್‌ದೋ ಗೊತ್ತಾಗಬೇಕಲ್ಲ, ಅದಕ್ಕೇ ಬೆಂಚು. ಬೆಂಚಿನ ಕೆಲಸ ಅಷ್ಟೇ: ಮನುಷ್ಯನನ್ನು ಲೆಕ್ಕದಿಂದ ತೆಗೆದು ರೈಫಲ್ಲು, ಸ್ಕೋಪು (ಗುರಿ ನೋಡುವ ದುರ್ಬೀನು), ಪೆಲೆಟ್ (ಏರ್ ರೈಫಲ್ಲಿನ ಗುಂಡು) ಎಷ್ಟು ಚೊಕ್ಕ ಇವೆ ಅಂತ ತೋರಿಸೋದು. ನನ್ನ ಬೆಂಚು ಉಲ್ಟಾ ಮಾಡಿತು.

ಬೆಳಗಾವಿಯ ಉದ್ಯಮಬಾಗಿನಲ್ಲಿ ಗುರುತಿನ ವೆಲ್ಡರ್ ಒಬ್ಬರಿದ್ದಾರೆ. ಅಗಲ 60, ಉದ್ದ 90 ಸೆಂಟಿಮೀಟರ್, ದಪ್ಪ ಆ್ಯಂಗ್ಲು, ನಾಲ್ಕು ಕಾಲು ಅಂದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಎಲ್ಲಿ ಇಡಾವ್ರು ಅಣ್ಣಾರ?"

"ಹೊಲದಾಗ."

"ಹೊಲದಾಗಂದ್ರ ಮೂರ ಕಾಲ ಮಾಡೂಣ್ರಿ."

"ಮೂರ ಕಾಲಿಂದು ಹೆಂಗ ನಿಲ್ಲತೈತಿ? ಮೇಜಂದ ಮ್ಯಾಲೆ ನಾಕ ಕಾಲ ಇರಬೇಕಲ್ಲ."

ಗಿರಾಕಿ ಹೇಳಿದ ಮೇಲೆ ಮುಗೀತು, ಅವರು ಮತ್ತೆ ಮಾತಾಡಲಿಲ್ಲ. ಅಂಗಡಿಯ ಕಾಂಕ್ರೀಟ್ ನೆಲದ ಮೇಲೆ ಬೆಂಚು ನಿಲ್ಲಿಸಿದಾಗ ನಾನು ಹತ್ತಿ ಕುಣಿದೆ. ಒಂದು ಕೂದಲೆಳೆಯೂ ಅಲ್ಲಾಡಲಿಲ್ಲ. ₹6,800 ಕೊಟ್ಟು ಟಂಟಂನಲ್ಲಿ ಹಾಕಿಕೊಂಡು ಬಂದೆ. ನಾನು ಮೋಸಹೋದದ್ದು ಆ ಕಾಂಕ್ರೀಟ್ ನೆಲದ ಮೇಲೆಯೇ.

ಜೋಳದ ರಾಶಿ ಮುಗಿದ ಮೇಲಿನ ಎರಿ ಹೊಲ ಹೇಗಿರುತ್ತದೆ ನಿಮಗೆ ಗೊತ್ತು. ಬಿರುಕಿನಲ್ಲಿ ಅಂಗೈ ಇಳಿಯುತ್ತದೆ, ಹೆಂಟೆ ಕಲ್ಲಿನಂತೆ ಕಾಣುತ್ತದೆ, ಭಾರ ಬಿದ್ದರೆ ಪುಡಿ. ಕಾಲಡಿಗೆ ಚಪ್ಪಟೆ ಕಲ್ಲು ಕೊಟ್ಟು ಬೆಂಚು ಕೂರಿಸಿದೆ. ಕೈಯಿಟ್ಟು ಅಲ್ಲಾಡಿಸಿ ನೋಡಿದೆ, ಗಟ್ಟಿ. ಇಪ್ಪತ್ತು ಮೀಟರ್ ಆಚೆ, ಒಡ್ಡಿನ ಮಣ್ಣಿಗೆ ಬೆನ್ನು ಮಾಡಿ ಗುರಿ ಹಲಗೆ. ಐದು ಗುಂಡು ಅಂಗೈ ಅಗಲಕ್ಕೆ ಹರಡಿದವು. ಹುಡುಗ ಬರಿಗೈಯಲ್ಲಿ ಹೊಡೆದದ್ದಕ್ಕಿಂತ ಕಡೆ.

ಬೆಂಚಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ನಲವತ್ತು ಕಿಲೋ ಕಬ್ಬಿಣ ಹೇಗೆ ತಪ್ಪಾದೀತು? ಸ್ಕೋಪ್ ಸಡಿಲ ಅಂದುಕೊಂಡು ₹4,200 ಕೊಟ್ಟು ಬೇರೆ ತಂದೆ. ಆಮೇಲೆ ಸ್ಪ್ರಿಂಗು, ಸೀಲು ಬದಲಿಸಿದೆ, ₹1,500. ನಾಲ್ಕು ತರದ ಪೆಲೆಟ್ ಡಬ್ಬಿ. ಬೆಂಚಿನ ದುಡ್ಡೂ ಸೇರಿ ₹14,000 ದಾಟಿತು. ದುಡ್ಡು ಹೋಗಲಿ ಬಿಡಿ. ಎಲ್ಲ ಬದಲಿಸಿಯೂ ಗುಂಡು ಹರಡುತ್ತಲೇ ಇದ್ದಾಗ ಉಳಿದವನು ಹುಡುಗ ಒಬ್ಬನೇ. "ಟ್ರಿಗರ್ ಜಗ್ಗಬ್ಯಾಡ, ಒತ್ತು ಅಂತ ಎಷ್ಟ ಸಲ ಹೇಳ್ಲೋ ನಿನಗ" ಅಂತ ಎರಡು ತಿಂಗಳು ಬೈದೆ. ಒಂದು ಭಾನುವಾರ ಪರೀಕ್ಷೆ ಐತಿ ಅಂದ, ಮುಂದಿನ ಭಾನುವಾರ ತಲೆನೋವು ಅಂದ, ಆಮೇಲೆ ಕಾರಣ ಹೇಳೋದನ್ನೂ ಬಿಟ್ಟ.

ಕೊನೆಗೆ ಕಂಡುಹಿಡಿದವನೂ ಅವನೇ. ಏಪ್ರಿಲ್ ಇರಬೇಕು, ನಾನೊಬ್ಬನೇ ಹೊಡೆಯುತ್ತಿದ್ದೆ, ಅವನು ಮನೆಯಿಂದ ಚಾ ತಂದ. ಸ್ಟೀಲ್ ಲೋಟ ಬೆಂಚಿನ ಮೂಲೆಗೆ ಇಟ್ಟ, ಅಂಚಿನ ತನಕ ತುಂಬಿತ್ತು. ನಾನು ಗುರಿಗೆ ಕಣ್ಣಿಟ್ಟು ಬಲ ಮೊಣಕೈ ಒಂದಿಷ್ಟು ಸರಿಸಿದೆ.

"ಕಾಕಾ, ಚಾ ಚೆಲ್ಲತು ನೋಡ್ರಿ."

"ಚೆಲ್ಲಲಿ ಬಿಡೋ."

"ಚೆಲ್ಲೂದಲ್ರಿ. ನೀವು ಮೊಣಕೈ ಇಟ್ಟಾಗ ಈ ಕಡೆ ಬರತೈತಿ, ತಗದಾಗ ಆ ಕಡೆ ಹೊಕ್ಕೈತಿ."

ರೈಫಲ್ ಕೆಳಗಿಟ್ಟು ನೋಡಿದೆ. ಒಂದು ಕಾಲಿನ ಅಡಿ, ಕಲ್ಲಿಗೂ ಕಬ್ಬಿಣಕ್ಕೂ ನಡುವೆ, ಬೆಳಕು ಕಾಣುವಷ್ಟು ಸಂದು. ಮೊಣಕೈ ಊರಿದರೆ ಮುಚ್ಚುತ್ತಿತ್ತು, ಎತ್ತಿದರೆ ತೆರೆಯುತ್ತಿತ್ತು.

ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೆಲ ಹೇಗೇ ಇರಲಿ, ಮೂರು ಕಾಲು ಯಾವಾಗಲೂ ಮೂರೂ ಊರುತ್ತವೆ. ಬೆಂಚು ಓರೆ ನಿಲ್ಲಬಹುದು, ಕುಂಟುವುದಿಲ್ಲ. ನಾಲ್ಕನೆಯ ಕಾಲು ಬಂತೋ, ನೆಲ ಪೂರ್ತಿ ಸಪಾಟಿಲ್ಲದಿದ್ದರೆ ಒಂದು ಗಾಳಿಯಲ್ಲಿ ಇರಲೇಬೇಕು. ಬೆಂಚು ಎದುರುಬದುರು ಕಾಲುಗಳ ಕರ್ಣದ ಮೇಲೆ ತಕ್ಕಡಿಯಂತೆ ಹೊರಳುತ್ತದೆ. ನನ್ನ 60ಕ್ಕೆ 90ರ ಬೆಂಚಿನಲ್ಲಿ ಆ ಕರ್ಣದಿಂದ ಕಾಲಿಗೆ ದೂರ 50 ಸೆಂಟಿಮೀಟರ್. ಸಂದು ಬರೀ 1 ಮಿಲಿಮೀಟರ್ ಅನ್ನಿ. 500ಕ್ಕೆ 1ರ ಓರೆ. ಇಪ್ಪತ್ತು ಮೀಟರಿಗೆ ಅದು 40 ಮಿಲಿಮೀಟರ್. ಹೊರಳುವುದು ಕರ್ಣದ ಗುಂಟ ಆದ್ದರಿಂದ ಅದರಲ್ಲಿ ಅರ್ಧ ಮಾತ್ರ ನಳಿಗೆಯ ಮೂತಿಯನ್ನು ಮೇಲೆ ಕೆಳಗೆ ಮಾಡುತ್ತದೆ ಅಂದರೂ ಗುಂಡು ಎರಡು ಸೆಂಟಿಮೀಟರ್ ತಪ್ಪಿತು. ಚೀಟಿ ಮಡಚಿ ಇಟ್ಟರೆ ಸರಿಹೋಗುವಷ್ಟು ಸಂದಿಗೆ!

ಮತ್ತೆ ಕಣ್ಣಿಟ್ಟು ಸರಿಮಾಡಿಕೊಂಡೇ ಹೊಡೆಯುತ್ತೇವಲ್ಲ ಅನ್ನಬಹುದು. ನಾನೂ ಅಂದುಕೊಂಡಿದ್ದೆ. ಬೆಂಚು ಹೊರಳುವುದು ಗುರಿ ಕೂಡಿಸುವಾಗಲ್ಲ, ಉಸಿರು ಬಿಟ್ಟು ಬೆರಳು ಒತ್ತುವಾಗ. ಆಗ ಮೊಣಕೈ ಭಾರ ಒಂದಿಷ್ಟು ಬದಲಾಗುತ್ತದೆ. ಅದರ ಮೇಲೆ ಸ್ಪ್ರಿಂಗ್ ರೈಫಲ್ಲು: ಟ್ರಿಗರ್ ಒತ್ತಿದ ಮೇಲೆ ಗಾಳಿ ಒತ್ತುವ ಪಿಸ್ಟನ್ ಓಡಬೇಕು, ರೈಫಲ್ ಒಮ್ಮೆ ಹಿಂದಕ್ಕೆ ಒದ್ದು ಆಮೇಲೆ ಮುಂದಕ್ಕೆ ಜಗ್ಗುತ್ತದೆ, ಪೆಲೆಟ್ ಇನ್ನೂ ನಳಿಗೆಯಲ್ಲೇ ಇರುವಾಗ ಒದೆತ ಶುರುವಾಗಿರುತ್ತದೆ. ಭಾರ ಹೆಚ್ಚಿಸಿದರೆ ಕುಂಟುವುದು ನಿಲ್ಲುವುದಿಲ್ಲ, ಭಾರದ ಬೆಂಚು ಹೆಂಟೆಯನ್ನು ಇನ್ನಷ್ಟು ಬೇಗ ಪುಡಿಮಾಡುತ್ತದೆ. ಬೆಳಿಗ್ಗೆ ಕಲ್ಲು ಕೊಟ್ಟು ಸರಿಮಾಡಿದ್ದು ಹತ್ತು ಗುಂಡಿಗೆ ಮತ್ತೆ ಹಾಗೇ.

ನಾಚಿಕೆಯ ಮಾತು ಬೇರೆ ಇದೆ. ಅದೇ ಕೊಟ್ಟಿಗೆಯ ಅಟ್ಟದ ಮೇಲೆ ಅಪ್ಪ ಕಣದಲ್ಲಿ ಜೋಳ ತೂರುವಾಗ ಹತ್ತಿ ನಿಲ್ಲುತ್ತಿದ್ದ ಮೂರು ಕಾಲಿನ ಎತ್ತರದ ಮೆಟ್ಟು ಇದೆ, ಜಾಲಿ ಕಟ್ಟಿಗೆಯದು. ಮೊರದ ತುಂಬಾ ಜೋಳ ಹಿಡಿದು ಗಾಳಿಗೆ ತೂರುವವರು ಅದರ ಮೇಲೆ ಅರ್ಧ ದಿನ ನಿಲ್ಲುತ್ತಿದ್ದರು. ಅದನ್ನು ನೋಡುತ್ತಲೇ ಬೆಳೆದವನು ನಾನು, ವೆಲ್ಡರ್‌ಗೆ "ಹೆಂಗ ನಿಲ್ಲತೈತಿ" ಅಂತ ಕೇಳಿದ್ದೆ.

ಈಗಿನ ಬೆಂಚು ಹೇಗಿದೆ ಅಂದರೆ, ಮೇಲೆ 18 ಮಿಲಿಮೀಟರ್ ಪ್ಲೈವುಡ್. ಅಡಿಗೆ ಕಬ್ಬಿಣದ ಪ್ಲೇಟು, ಅದಕ್ಕೆ ಓರೆಯಾಗಿ ಬೆಸೆದ ಮೂರು ಗಿಡ್ಡ ಪೈಪು. ಕಾಲುಗಳು ಅವುಗಳೊಳಗೆ ತೂರುತ್ತವೆ, ಬೋಲ್ಟ್ ತಿರುಗಿಸಿ ಬಿಗಿ ಮಾಡುವುದು. ಒಯ್ಯುವಾಗ ಬಿಚ್ಚಿ ಬೈಕಿಗೆ ಕಟ್ಟುತ್ತೇನೆ. ಮಡಚುವ ಬೆಂಚು ಬೇಡ ಅಂದದ್ದು ಇದಕ್ಕೇ: ಎಲ್ಲೆಲ್ಲಿ ತಿರುಗಣಿ ಇದೆಯೋ ಅಲ್ಲೆಲ್ಲ ಸಡಿಲ ಇದೆ. ಸೀಟ್ ಕೂಡಿಸಿದ್ದಂತೂ ಬೇಡವೇ ಬೇಡ, ನೀವು ತೊಡೆ ಕೆರೆದುಕೊಂಡರೂ ರೈಫಲ್‌ಗೆ ಸುದ್ದಿ ಹೋಗುತ್ತದೆ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂಡಿ. ಕಾಲಿನ ತುದಿಗೆ ಅಂಗೈಯಗಲದ ಪ್ಲೇಟ್ ಬೆಸೆಸಿ, ಇಲ್ಲದಿದ್ದರೆ ಮಳೆ ಬಿದ್ದ ಮೇಲೆ ಎರಿ ಮಣ್ಣು ನುಂಗುತ್ತದೆ. ಎರಡು ಕಾಲು ನಿಮ್ಮ ಮೊಣಕೈ ಕಡೆ ಬರಲಿ, ಒಂದು ಮುಂದೆ. ತಿರುವುಮುರುವು ಮಾಡಿದರೆ ಮೂಲೆಗೆ ಮೊಣಕೈ ಊರಿದ ಕೂಡಲೇ ಬೆಂಚು ಮಗುಚುತ್ತದೆ. ಮೂರು ಕಾಲಿಗೆ ಇರುವ ಐಬು ಅದೊಂದೇ.

ಎತ್ತರಕ್ಕೆ ಅಳತೆ ನನ್ನನ್ನು ಕೇಳಬೇಡಿ. ನಿಮ್ಮ ಸ್ಟೂಲ್ ಮೇಲೆ ಕೂತು, ಬೆನ್ನು ನೆಟ್ಟಗೆ ಇಟ್ಟುಕೊಂಡು ಕೆನ್ನೆ ರೈಫಲ್‌ಗೆ ತಾಗುವ ಹಾಗೆ ಅಳೆಸಿ.

ರೈಫಲನ್ನು ಚೀಲದ ಮೇಲೆ ಒತ್ತಿ ಇಡಬೇಡಿ, ಸ್ಪ್ರಿಂಗಿನದು ಅದಕ್ಕೆ ಒಗ್ಗುವುದಿಲ್ಲ. ಚೀಲದ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್, ಬಿಗಿ ಹಿಡಿಯದೆ. ಅದು ಒದೆಯುವಷ್ಟು ಒದೆಯಲಿ, ಪ್ರತಿ ಸಲ ಒಂದೇ ತರ ಒದ್ದರೆ ಸಾಕು. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಮರಳು ತುಂಬಿ ಹೊಲಿಸಿ. ನಾನು ಮೊದಲು ಜೋಳ ತುಂಬಿದ್ದೆ, ಒಂದೇ ವಾರಕ್ಕೆ ಇಲಿ ಬಂದವು.

ಈ ಬೆಂಚಿನಿಂದ ಹುಡುಗ ಹೊಡೆದ ಮೊದಲ ಐದು ಗುಂಡನ್ನು ಒಂದು ರೂಪಾಯಿ ನಾಣ್ಯ ಇಟ್ಟು ಮುಚ್ಚಬಹುದಿತ್ತು, ಅದೂ ಹಳೇ ಸ್ಕೋಪಿನಲ್ಲಿ. ಕಾಗದ ಬಿಚ್ಚಿ ನನ್ನ ಕೈಗೆ ಕೊಟ್ಟು, ಏನೂ ಅನ್ನದೆ ಚಾ ತರೋಕೆ ಹೋದ.