ಬೀದರ್ ತರ ಚಳ್ಳಕೆರೆಯಲ್ಲೂ ಆಗುತ್ತಾ?
ಚಳ್ಳಕೆರೆ ಹತ್ತಿರ ರನ್‌ವೇ ಇದೆಯಲ್ಲ, ಬೀದರ್ ತರ ಅಲ್ಲೂ ಪ್ರಯಾಣಿಕರ ವಿಮಾನ ಯಾಕೆ ಬಿಡಬಾರದು ಅಂತ ಕೇಳಿದ್ದೀರಿ. ನಾನೂ ದುರ್ಗದವನೇ, ಆಸೆ ನನಗೂ ಇದೆ! ಆದರೆ ಎರಡೂ ಬೇರೆ ಬೇರೆ.

ಬೀದರ್‌ನದು ವಾಯುಪಡೆಯ ತರಬೇತಿ ನೆಲೆ. ರನ್‌ವೇ, ಹಾರಾಟದ ನಿಯಂತ್ರಣ ಎಲ್ಲಾ ಅವರದೇ. ಅಲ್ಲೇ ಒಂದು ಸಣ್ಣ ಟರ್ಮಿನಲ್ ಮಾಡಿ, 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ವಿಮಾನ ಶುರು ಮಾಡಿದರು.

ನಮ್ಮ ಚಳ್ಳಕೆರೆಯದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರ ಪರೀಕ್ಷಾ ಜಾಗ, 2017ರಲ್ಲಿ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುತ್ತಾರೆ. ಇಸ್ರೋದ ಪುಷ್ಪಕ್ (ಮತ್ತೆ ಮತ್ತೆ ಬಳಸಲೆಂದು ಮಾಡುತ್ತಿರುವ ರೆಕ್ಕೆಯ ಬಾಹ್ಯಾಕಾಶ ವಾಹನದ ಮಾದರಿ) 2024ರಲ್ಲಿ ತಾನಾಗಿಯೇ ಬಂದಿಳಿದದ್ದೂ ಇಲ್ಲೇ. ಪ್ರಯೋಗದ ಹೊತ್ತಲ್ಲಿ ಸುತ್ತಲಿನ ಆಕಾಶ ಖಾಲಿ ಇರಬೇಕು, ಅಲ್ವಾ? ಅಂಥ ಕಡೆ ಟೈಮ್‌ಟೇಬಲ್ ಹಾಕಿ ಜನರನ್ನು ಸಾಗಿಸುವುದು ಕಷ್ಟ. ಸದ್ಯಕ್ಕೆ ಶಿವಮೊಗ್ಗವೋ ಬೆಂಗಳೂರೋ ನೋಡಿಕೊಳ್ಳಿ.